ಬೆಂಗಳೂರಿಂದ ದುಬೈಗೆ ಫ್ರೋಜನ್ ತಿಂಡಿ: ವಿಮಾನ ಕಾರ್ಗೋದಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಪರೋಟ, ಹೋಳಿಗೆ, ತೆಂಗಿನ ತುರಿ, ಅಂಜಲ್ ಮೀನಿನ ತುಂಡುಗಳನ್ನು ಮೈನಸ್ 18 ಡಿಗ್ರಿಯಲ್ಲೇ ದುಬೈಗೆ ತಲುಪಿಸಲು ಮೂರು ದಾರಿಗಳಿವೆ: ಕೊರಿಯರ್, ಏಜೆಂಟ್ ಮೂಲಕ ವಿಮಾನ ಸಂಸ್ಥೆಯ ಪೆರಿಷಬಲ್ (ಬೇಗ ಕೆಡುವ ಸರಕಿನ) ಕಾರ್ಗೋ, ಬಾಡಿಗೆಗೆ ಸಿಗುವ ಕೂಲ್ ಕಂಟೇನರ್. ನೂರಿನ್ನೂರು ಕೆ.ಜಿ. ಕಳಿಸುವವರಿಗೆ ಎರಡನೆಯದೇ ಸರಿ. ಆದರೆ ‘ಫ್ರೆಶ್’, ‘ಕೂಲ್’ ಎಂದು ಹೆಸರಿಟ್ಟು ಮಾರುವ ಸೇವೆಯಲ್ಲಿ ಸಿಗುವುದು ಮುಖ್ಯವಾಗಿ ಕೋಲ್ಡ್ ರೂಮಿನಲ್ಲಿ ಜಾಗ, ಲೋಡಿಂಗ್‌ನಲ್ಲಿ ಆದ್ಯತೆ. ಉಳಿದಷ್ಟು ಹೊತ್ತು ಸರಕನ್ನು ಕಾಯಬೇಕಾದ್ದು ನಿಮ್ಮ ಪೆಟ್ಟಿಗೆಯೇ.

ಕೊರಿಯರ್ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ ಅಲ್ಲಿ 5000ದಿಂದ ಭಾಗಿಸಿ ‘ಗಾತ್ರದ ತೂಕ’ ತೆಗೆಯುತ್ತಾರೆ, ವಿಮಾನ ಸಂಸ್ಥೆಗಳು 6000ದಿಂದ. ಅಂದರೆ ಅದೇ ಪೆಟ್ಟಿಗೆ ಕೊರಿಯರ್‌ನಲ್ಲಿ ಹೆಚ್ಚು ತೂಗುತ್ತದೆ. ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಇದ್ದರೆ ಮೊದಲೇ ಒಪ್ಪಂದ ಬೇಕು. ಚಟ್ನಿಪುಡಿ, ಚಕ್ಕುಲಿ ಕಳಿಸಲು ಕೊರಿಯರ್ ಸಾಕು. ಕೂಲ್ ಕಂಟೇನರ್ ಬಳಕೆಯಾಗುವುದು ಮುಖ್ಯವಾಗಿ ಔಷಧಕ್ಕೆ. ಕಂಪ್ರೆಸರ್ ಇರುವ ಬಹುಪಾಲು ಮಾದರಿಗಳು ಸೊನ್ನೆ ಡಿಗ್ರಿಗಿಂತ ಮೇಲಿನ ತಾಪಕ್ಕೆ ಮಾಡಿದವು, ಫ್ರೋಜನ್‌ಗೆ ಆಗುವುದಿಲ್ಲ. ಅದರ ಬಾಡಿಗೆ ಕೊಟ್ಟು ಪರೋಟ ಮಾರಿದರೆ ಗಿಟ್ಟುವುದೂ ಇಲ್ಲ.

ಇನ್ನು ಪೆಟ್ಟಿಗೆ. ಹೊರ ಅಳತೆ 60×40×40 ಸೆಂ.ಮೀ., ಗೋಡೆ 50 ಮಿ.ಮೀ. ದಪ್ಪದ ಥರ್ಮಾಕೋಲ್ ಪೆಟ್ಟಿಗೆ ತೆಗೆದುಕೊಳ್ಳಿ. ಒಳಗೆ 45 ಲೀಟರ್ ಜಾಗ ಸಿಗುತ್ತದೆ. 20 ಕೆ.ಜಿ. ಫ್ರೋಜನ್ ಸರಕು, 10 ಕೆ.ಜಿ. ಡ್ರೈ ಐಸ್ ಅದರಲ್ಲಿ ಕೂರುತ್ತವೆ. ಹಾರಾಟ ನಾಲ್ಕು ಗಂಟೆಯದಾದರೂ ನಿಮ್ಮ ಫ್ರೀಜರ್ ಬಾಗಿಲಿನಿಂದ ಅಲ್ಲಿನ ಫ್ರೀಜರ್ ಬಾಗಿಲಿಗೆ ಒಂದು ದಿನ ಸರಾಗವಾಗಿ ಹೋಗುತ್ತದೆ, ಹಾಗಾಗಿ 36 ಗಂಟೆಗೆ ಲೆಕ್ಕ ಹಾಕಬೇಕು. ಇಂಥ ಪೆಟ್ಟಿಗೆಯಲ್ಲಿ ದಿನಕ್ಕೆ ನಾಲ್ಕೈದು ಕೆ.ಜಿ. ಡ್ರೈ ಐಸ್ ಆವಿಯಾಗುತ್ತದೆ. 36 ಗಂಟೆಗೆ ಆರರಿಂದ ಏಳೂವರೆ, ವಿಮಾನ ತಪ್ಪಿದರೆ ಇರಲಿ ಎಂದು ಮಿಕ್ಕದ್ದು. ಸರಕಿನ ನಡುಭಾಗವೇ ಮೈನಸ್ 20ಕ್ಕಿಂತ ಕೆಳಗಿಳಿದ ಮೇಲೆ ಪ್ಯಾಕ್ ಮಾಡಿ. ಅರೆಬರೆ ಗಟ್ಟಿಯಾದ ಹೋಳಿಗೆಯನ್ನು ತುಂಬಿದರೆ ಡ್ರೈ ಐಸಿನ ಶಕ್ತಿಯೆಲ್ಲ ಅದನ್ನು ಗಟ್ಟಿ ಮಾಡುವುದರಲ್ಲೇ ಕರಗಿಹೋಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ಜೆಲ್ ಪ್ಯಾಕ್ ವಿಷಯದಲ್ಲಿ. ಡ್ರೈ ಐಸಿನ ತಾಪತ್ರಯ ಬೇಡವೆಂದು ನೀಲಿ ಜೆಲ್ ಪ್ಯಾಕ್ ತುಂಬುತ್ತಾರೆ. ಮಾಮೂಲಿ ಜೆಲ್ ಎಂದರೆ ಬಹುಪಾಲು ನೀರು. ಅದು ತಾಪ ಹಿಡಿದು ನಿಲ್ಲುವುದು ಸೊನ್ನೆ ಡಿಗ್ರಿಯಲ್ಲಿ, ಅಷ್ಟರಲ್ಲಿ ಪರೋಟ ಮೆತ್ತಗಾಗಿರುತ್ತದೆ. ಉಪ್ಪುನೀರಿನ ಪ್ಲೇಟ್ ಮೈನಸ್ 21ರಲ್ಲಿ ಕರಗುತ್ತದೆ, ಅದು ಸರಿಯಾದ ವಸ್ತುವೇ. ಆದರೆ ಕೆ.ಜಿ.ಗೆ ಅದು ಹೀರುವ ಶಾಖ ಸುಮಾರು 230 ಕಿಲೋಜೂಲ್, ಡ್ರೈ ಐಸ್ 571. ಹತ್ತು ಕೆ.ಜಿ. ಡ್ರೈ ಐಸಿನ ಕೆಲಸಕ್ಕೆ 25 ಕೆ.ಜಿ. ಪ್ಲೇಟ್ ಬೇಕು. ಜೆಲ್ ಪ್ಯಾಕ್ ಏನಿದ್ದರೂ ಚಿಲ್ಡ್ ಸರಕಿಗೆ. ಸೊನ್ನೆಯಿಂದ ಎರಡು ಡಿಗ್ರಿಯ ತಾಜಾ ಮೀನಿಗೆ ಅದು ಹೇಳಿ ಮಾಡಿಸಿದಂತಿದೆ. ಮೀನಿಗೆ ಬಿಡಿ ಐಸ್ ಗಡ್ಡೆ ಹಾಕಲು ಹೋಗಬೇಡಿ. ಉಪ್ಪಿನಂಶದ ನೀರು ಸೋರಿದರೆ ವಿಮಾನದ ಲೋಹ ತುಕ್ಕು ಹಿಡಿಯುತ್ತದೆ, ಸೋರುವ ಪೆಟ್ಟಿಗೆಯನ್ನು ಕೌಂಟರ್‌ನಲ್ಲೇ ವಾಪಸ್ ಕಳಿಸುತ್ತಾರೆ. ಒಳಗೆ ದಪ್ಪ ಪಾಲಿಥೀನ್ ಚೀಲ, ಅದರ ತಳಕ್ಕೆ ನೀರು ಹೀರುವ ಪ್ಯಾಡ್ ಇರಲೇಬೇಕು.

ಡ್ರೈ ಐಸ್ ಅನ್ನು ಸರಕಿನ ಮೇಲೆ ಹರಡಿ. ತಣ್ಣನೆಯ ಅನಿಲ ಗಾಳಿಗಿಂತ ಭಾರ, ತಾನಾಗಿ ಕೆಳಗಿಳಿಯುತ್ತದೆ. ಒಂದು ಕೆ.ಜಿ. ಆವಿಯಾದರೆ 500 ಲೀಟರಿಗೂ ಹೆಚ್ಚು ಅನಿಲ, ಆದ್ದರಿಂದ ಪಾಲಿಥೀನ್ ಚೀಲದ ಬಾಯನ್ನು ಬಿಗಿಯಾಗಿ ಕಟ್ಟಬಾರದು, ಮುಚ್ಚಳದ ಸುತ್ತ ಉದ್ದಕ್ಕೂ ಟೇಪ್ ಬಿಗಿಯಬಾರದು. ಎರಡು ಕಡೆ ಅಡ್ಡ ಪಟ್ಟಿ ಸಾಕು, ಇಲ್ಲವಾದರೆ ಪೆಟ್ಟಿಗೆ ಉಬ್ಬಿ ಒಡೆಯುತ್ತದೆ. ಹೊರಗೊಂದು ರಟ್ಟಿನ ಪೆಟ್ಟಿಗೆ ಬೇಕೇ ಬೇಕು. ಫೋರ್ಕ್‌ಲಿಫ್ಟ್‌ನ ತುದಿ ತಾಗಿದ ಬರಿ ಥರ್ಮಾಕೋಲ್ ಮೂಲೆಯಿಂದ ಬಿಳಿ ಹೊಗೆ ಬರುತ್ತಿದ್ದರೆ ಅದನ್ನು ಯಾರೂ ಲೋಡ್ ಮಾಡುವುದಿಲ್ಲ. ಪೆಟ್ಟಿಗೆಯ ಮೇಲೆ ‘ಡ್ರೈ ಐಸ್’, ಅದರ ಗುರುತಿನ ಸಂಖ್ಯೆ ಯುಎನ್ 1845, ನಿವ್ವಳ ತೂಕ ಕೆ.ಜಿ.ಯಲ್ಲಿ, ಕಳಿಸುವವರ ಮತ್ತು ಪಡೆಯುವವರ ವಿಳಾಸ, ಅಪಾಯಕಾರಿ ಸರಕಿನ 9ನೇ ವರ್ಗದ ವಜ್ರಾಕಾರದ ಲೇಬಲ್ ಇರಬೇಕು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾದ ನಿಯಮದಂತೆ ಒಂದು ಪೆಟ್ಟಿಗೆಗೆ 200 ಕೆ.ಜಿ. ವರೆಗೂ ಹಾಕಬಹುದು, ಆದರೆ ಇಡೀ ವಿಮಾನದ ಹೊಟ್ಟೆಗೂ ಬೇರೊಂದು ಮಿತಿ ಇರುತ್ತದೆ. ಜೀವಂತ ಪ್ರಾಣಿ ಅದೇ ವಿಮಾನದಲ್ಲಿದ್ದರೆ ಇನ್ನೂ ಕಟ್ಟುನಿಟ್ಟು. ಹೀಗಾಗಿ ಬುಕಿಂಗ್ ಮಾಡುವಾಗಲೇ ಡ್ರೈ ಐಸ್ ಎಷ್ಟು ಕೆ.ಜಿ. ಎಂದು ಹೇಳಿ.

ದರದ ಲೆಕ್ಕ ಹೀಗೆ. ಪೆಟ್ಟಿಗೆಯ ಗಾತ್ರದ ತೂಕ 16 ಕೆ.ಜಿ., ನಿಜ ತೂಕ ಸುಮಾರು 31.5 ಕೆ.ಜಿ. ಹೆಚ್ಚಿನದಕ್ಕೇ ಬಾಡಿಗೆ. ಬಾಡಿಗೆಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ದಾರಿಯಲ್ಲಿ ಆವಿಯಾಗುವ ಐಸಿಗೆ! ದರದ ಹಂತಗಳು 45, 100, 300, 500 ಕೆ.ಜಿ.ಗೆ ಬದಲಾಗುತ್ತವೆ, ಮೇಲೇರಿದಷ್ಟೂ ಕೆ.ಜಿ.ಗೆ ಕಡಿಮೆ. ಮೂರು ಪೆಟ್ಟಿಗೆ ಎಂದರೆ 94.5 ಕೆ.ಜಿ. ಅದನ್ನು 100 ಎಂದೇ ಬಿಲ್ ಮಾಡಿಸಿದರೆ ಹಲವು ಸಲ ಅಗ್ಗವಾಗುತ್ತದೆ. ಏಜೆಂಟರು ತಾವಾಗಿ ಹೇಳುವುದು ಅಪರೂಪ, ಕೇಳಿ ಮಾಡಿಸಿಕೊಳ್ಳಿ.

ನೆಲದ ಮೇಲಿನ ವ್ಯವಸ್ಥೆಯಲ್ಲಿ ಬೆಂಗಳೂರಿಗೆ ಒಳ್ಳೆಯ ಅಂಕ ಕೊಡಬೇಕು. ಕೆಂಪೇಗೌಡ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಕೂಲ್‌ಪೋರ್ಟ್ ಪೆರಿಷಬಲ್ ಸರಕಿಗೆಂದೇ ಕಟ್ಟಿದ್ದು, ಮೈನಸ್ 25ರಿಂದ ಪ್ಲಸ್ 25 ಡಿಗ್ರಿವರೆಗಿನ ಕೋಣೆಗಳಿವೆ. ಆದರೆ ಆ ಕೋಣೆ ಸಿಗುವುದು ಕಾಗದದಲ್ಲಿ ಸರಿಯಾಗಿ ಬರೆದರೆ ಮಾತ್ರ. ಏರ್‌ವೇ ಬಿಲ್‌ನಲ್ಲಿ (ವಿಮಾನ ಸರಕಿನ ಸಾಗಣೆ ಪತ್ರ) ಬರಿ ಪಿಇಆರ್ ಎಂದಿದ್ದರೆ ಅದು ಬೇಗ ಕೆಡುವ ಸರಕು ಎಂದಷ್ಟೇ ಅರ್ಥ. ಎಫ್‌ಆರ್‌ಒ ಎಂದಿದ್ದರೆ ಫ್ರೋಜನ್, ಸಿಒಎಲ್ ಎಂದಿದ್ದರೆ 2ರಿಂದ 8 ಡಿಗ್ರಿ. ಪರೋಟ, ತಾಜಾ ಮೀನು ಎರಡನ್ನೂ ಒಂದೇ ಬಿಲ್‌ನಲ್ಲಿ ಸೇರಿಸಿದರೆ ಯಾವುದಾದರೊಂದು ಕೆಡುವುದು ಖಾತ್ರಿ. ಬೇರೆ ಬೇರೆ ಬಿಲ್ ಮಾಡಿಸಿ. ತರಕಾರಿಗೂ ಸಿಒಎಲ್ ಕುರುಡಾಗಿ ಬರೆಯಬೇಡಿ. ಬೆಂಡೆಕಾಯಿ 7 ಡಿಗ್ರಿಗಿಂತ ಕೆಳಗೆ ಕಪ್ಪು ಚುಕ್ಕೆ ಬೀಳುತ್ತದೆ, ಬಾಳೆಹಣ್ಣು 13ಕ್ಕಿಂತ ಕೆಳಗೆ ಕಂದಾಗುತ್ತದೆ.

ಮಂಗಳೂರಿಂದ ಕಳಿಸುವವರಿಗೆ ಒಂದು ಮಾತು: ಅಲ್ಲಿಂದ ಕೊಲ್ಲಿಗೆ ಹೋಗುವ ಬೋಯಿಂಗ್ 737ರ ಹೊಟ್ಟೆಯಲ್ಲಿ ಕಂಟೇನರ್ ಕೂರುವುದಿಲ್ಲ, ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಕೈಯಲ್ಲೇ ಪೇರಿಸುತ್ತಾರೆ. ಪ್ಯಾಲೆಟ್ ಮೇಲೆ ಹೊದಿಸುವ ಥರ್ಮಲ್ ಕವರ್‌ಗೆ ಅಲ್ಲಿ ದುಡ್ಡು ಕೊಡುವುದು ದಂಡ. ದೊಡ್ಡ ವಿಮಾನದಲ್ಲಿ ಹೋಗುವುದಾದರೆ ಬೇಸಿಗೆಯಲ್ಲಿ ಆ ಕವರ್‌ಗೆ ಖಂಡಿತ ಬೆಲೆಯಿದೆ. ದುಬೈನ 45 ಡಿಗ್ರಿ ಬಿಸಿಲಿನ ಟಾರ್ಮ್ಯಾಕ್‌ನಲ್ಲಿ (ವಿಮಾನ ನಿಲ್ಲುವ ಬಯಲು) ಕಳೆಯುವ ಅರ್ಧ ಗಂಟೆ, ಕೋಲ್ಡ್ ರೂಮಿನ ಅರ್ಧ ದಿನಕ್ಕಿಂತ ಹೆಚ್ಚು ಹಾಳುಮಾಡುತ್ತದೆ. ಸರಕನ್ನು ವಿಮಾನದವರೆಗೆ ಒಯ್ಯುವ ತಂಪು ಡಾಲಿ (ಗಾಡಿ) ಇದೆಯೇ, ಆಫ್‌ಲೋಡ್ ಆದರೆ (ಆ ವಿಮಾನದಿಂದ ಇಳಿಸಿಬಿಟ್ಟರೆ) ಡ್ರೈ ಐಸ್ ಮತ್ತೆ ತುಂಬುತ್ತಾರೆಯೇ, ದಾರಿಯ ನಿಲ್ದಾಣದಲ್ಲಿ ಮೈನಸ್ 18ರ ಕೋಣೆ ಇದೆಯೇ ಇಲ್ಲ 2–8ರದ್ದು ಮಾತ್ರವೇ, ಇವನ್ನು ಲಿಖಿತವಾಗಿ ಕೇಳಿ. ಉತ್ತರ ಕೊಡದ ಸೇವೆಗೆ ಹೆಚ್ಚುವರಿ ದರ ಕೊಡಬೇಡಿ.

ತಲುಪುವ ದಿನವನ್ನೂ ನೋಡಿಕೊಳ್ಳಿ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಸೌದಿಯಲ್ಲಿ ಶುಕ್ರವಾರ, ಶನಿವಾರ. ವಾರದ ಮೊದಲ ದಿನಗಳಲ್ಲಿ ಇಳಿಯುವಂತೆ ಬುಕ್ ಮಾಡಿ. ಲೇಬಲ್‌ನಲ್ಲಿ ಅರೇಬಿಕ್ ವಿವರ, ತಯಾರಿಕೆಯ ಮತ್ತು ಮುಗಿಯುವ ದಿನಾಂಕ ಇರಬೇಕು. ಮೀನಿಗೆ ಆರೋಗ್ಯ ಪ್ರಮಾಣಪತ್ರ ಬೇರೆ.

ದಾರಿಯುದ್ದಕ್ಕೂ ತಾಪವನ್ನು ದಾಖಲಿಸುವ ಒಂದು ಯುಎಸ್‌ಬಿ ತಾಪ ಲಾಗರ್ ಹಾಕುವುದನ್ನು ಬಿಡಬೇಡಿ. ಡ್ರೈ ಐಸಿಗೆ ತಾಗಿಸಿಡಬಾರದು, ಸಾಮಾನ್ಯ ಮಾದರಿಗಳು ಮೈನಸ್ 30ರ ಕೆಳಗೆ ಅಳೆಯುವುದಿಲ್ಲ. ತಳದ ಮೂಲೆಯಲ್ಲಿ ಸರಕಿನ ನಡುವೆ ಇಡಿ, ಮೊದಲು ಬಿಸಿಯಾಗುವುದು ಅಲ್ಲೇ. ಲಿಥಿಯಂ ಬ್ಯಾಟರಿ ಇರುವುದರಿಂದ ಆ ಮಾದರಿ ವಿಮಾನ ಸಂಸ್ಥೆ ಒಪ್ಪಿದ್ದೇ ಎಂದು ನೋಡಿ. ಮಾಲು ಕೆಟ್ಟಿದ್ದರೆ ಅಂತರರಾಷ್ಟ್ರೀಯ ವಿಮಾನ ಸಾಗಣೆಯ ಮಾಂಟ್ರಿಯಲ್ ಒಪ್ಪಂದದಂತೆ ಕೈಗೆ ಬಂದ 14 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಆ ಪರಿಹಾರ ತೂಕದ ಲೆಕ್ಕದಲ್ಲಿ, ಸರಕಿನ ಬೆಲೆಯ ಲೆಕ್ಕದಲ್ಲಲ್ಲ. ವಿಮೆ ಮಾಡಿಸುವಾಗ ತಾಪದ ಏರುಪೇರು ಸೇರಿದೆಯೇ ಎಂದು ಪಾಲಿಸಿಯಲ್ಲೇ ಓದಿ ನೋಡಿ. ‘ಆಲ್ ರಿಸ್ಕ್’ ಎಂದು ಬರೆದ ಮಾತ್ರಕ್ಕೆ ಅದು ಸೇರಿರುವುದಿಲ್ಲ.