ಪ್ಯಾರಿಸ್ ಒಲಿಂಪಿಕ್ಸ್ ಸೇವಾ ಟ್ರಿಪ್: ಮೂರು ಸ್ಟಾರ್, ಅದ್ರಲ್ಲಿ ಎರಡು ಕಾಫಿ ಟೇಬಲ್ಲಿಗೆ

ಹೋದ ಭಾನುವಾರ ಪೂಜೆ ಮುಗಿಸ್ಕೊಂಡು ಚರ್ಚ್ ಗೇಟ್ ಹತ್ರ ನಿಂತಿದ್ದಾಗ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು, ಮಾಸ್ಟ್ರೇ ಆ ಕ್ರೀಡಾ ಮಿಷನ್ ಗುಂಪಿನವ್ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್ ಟ್ರಿಪ್ಪಿಗೆ ದುಡ್ಡು ಕಟ್ಬೋದಾ ಅಂತ. 2024ರಲ್ಲಿ ಇದೇ ಗುಂಪಿನ ಜೊತೆ ನಾನು ಪ್ಯಾರಿಸ್ ಒಲಿಂಪಿಕ್ಸಿಗೆ ಹೋಗಿದ್ದು ವಿರಾಜಪೇಟೆಲಿ ಅರ್ಧ ಜನಕ್ಕೆ ಗೊತ್ತು, ಉಳಿದರ್ಧಕ್ಕೆ ನನ್ ಹೆಂಡ್ತಿ ಹೇಳಿದಾಳೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋವು ಬಂತು, ಹಾಗಾಗಿ ಒಂದೇ ಸಲ ಬರೆದು ಹಾಕ್ತಿದೀನಿ. ಗುಂಪಿನ ಹೆಸರು ಹಾಕಲ್ಲ, ಅದ್ರಲ್ಲಿ ಒಳ್ಳೇ ಜನಾನೂ ಇದಾರೆ, ಬ್ರೋಷರ್ ಕೈಗೆ ಬಂದವ್ರಿಗೆ ಹೇಗೂ ಗೊತ್ತಾಗತ್ತೆ.

ಬ್ರೋಷರ್‌ನಲ್ಲಿ ಇದ್ದದ್ದು ಇಷ್ಟು. 12 ದಿನ, ಕ್ರೀಡಾಪಟುಗಳ ಸೇವೆ, ಪ್ರಾರ್ಥನೆ, ಟ್ವಿನ್ ಶೇರಿಂಗ್ ರೂಮು, ಊಟ, ವಿಮಾನ ಎಲ್ಲಾ ಸೇರಿ 2 ಲಕ್ಷ 80 ಸಾವಿರ. ಯಾವ ಸಭೆಯವ್ರಾದ್ರೂ ಪರವಾಗಿಲ್ಲ ಅಂದ್ರು, ನಾನು ಕ್ಯಾಥೋಲಿಕ್, ಜೊತೆಲಿದ್ದವ್ರಲ್ಲಿ ಹೆಚ್ಚಿನವ್ರು ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಯವ್ರು, ಅದ್ರಿಂದ ಏನೂ ತೊಂದ್ರೆ ಆಗ್ಲಿಲ್ಲ. ಮುಖಪುಟದಲ್ಲಿ ನೋತ್ರ್ ದಾಮ್ ಚರ್ಚ್‌ದು ದೊಡ್ಡ ಫೋಟೋ. ಆ ಚರ್ಚ್ 2019ರ ಏಪ್ರಿಲಲ್ಲಿ ಬೆಂಕಿ ಬಿದ್ದ ಮೇಲೆ ಬಾಗ್ಲು ಹಾಕಿತ್ತು, ಮತ್ತೆ ತೆರೆದಿದ್ದು 2024ರ ಡಿಸೆಂಬರಲ್ಲಿ. ನಾವು ಹೋಗಿದ್ದು ಆಗಸ್ಟಲ್ಲಿ! ಫೋಟೋ ಹಾಕುವಾಗ ಯಾರೂ ನೋಡ್ಲಿಲ್ವಾ ಅಂತ ಕೇಳಿದ್ರೆ "ಬ್ರದರ್, ಅದು ಸಾಂಕೇತಿಕ" ಅಂದ್ರು. ಹೊರಗಿಂದ ಅಟ್ಟಣೆ ಕಟ್ಟಿದ್ದು ನೋಡ್ಕೊಂಡು ಬಂದ್ವಿ.

ವೀಸಾ ಕಥೆ ಬೇಗ ಹೇಳ್ತೀನಿ. ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಫೀಸು ಆ ಜೂನ್ 11ಕ್ಕೆ 80 ಯೂರೋದಿಂದ 90 ಆಯ್ತು, ಆ ವ್ಯತ್ಯಾಸ ನಮ್ಮ ಮೇಲೇ ಬಿತ್ತು, ಇರ್ಲಿ. 30 ಸಾವಿರ ಯೂರೋ ಇನ್ಶೂರೆನ್ಸ್ ಬೇಕೇ ಬೇಕು, ಅದು ಅವ್ರೇ ಮಾಡ್ಸಿದ್ರು, ಚೆನ್ನಾಗಿ ಮಾಡ್ಸಿದ್ರು. ಆದ್ರೆ ಬೆರಳಚ್ಚು ಕೊಡೋ ಡೇಟನ್ನ ಲೇಟಾಗಿ ಹಿಡಿದು ಪಾಸ್‌ಪೋರ್ಟ್ ನನ್ನ ಕೈಗೆ ಬಂದಿದ್ದು ಹೊರಡೋಕೆ ಎರಡು ದಿನ ಮುಂಚೆ. ಬೆಂಗಳೂರಲ್ಲಿ ಇರೋವ್ರಿಗೆ ಅದು ಸರಿ, ಕೊಡಗಿನ ಮಳೆಗಾಲದಲ್ಲಿ ಎಲ್ಲಿ ಮರ ಬೀಳತ್ತೋ ಎಲ್ಲಿ ರೋಡ್ ಬಂದಾಗತ್ತೋ ಅಂತ ಕಾಯೋವ್ರ ಎದೆ ಹೊಡ್ಕೊಳೋದು ಅವ್ರಿಗೆ ಅರ್ಥ ಆಗಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು. ನಾನು ಮನೆಯಿಂದ ಹೊರಟಿದ್ದು ಜುಲೈ 31ಕ್ಕೆ. ಹಿಂದಿನ ದಿನ ಬೆಳಗಿನ ಜಾವ ವಯನಾಡಲ್ಲಿ ಭೂಕುಸಿತ. ನಮ್ಗೆ ವಯನಾಡು ಅಂದ್ರೆ ಟಿವಿಲಿ ನೋಡೋ ಊರಲ್ಲ, ಗುಡ್ಡದ ಆಚೆ ಬದಿ, ಸಂಬಂಧಿಕರು ಇರೋ ಜಾಗ. ಭಾವ ಮುಖಕ್ಕೆ ಹೇಳಿದ್ರು, "ಸೇವೆ ಮಾಡ್ಬೇಕು ಅಂದ್ರೆ ಪಕ್ಕದಲ್ಲೇ ಉಂಟಲ್ಲ, ಪ್ಯಾರಿಸ್ಸಿಗೆ ಯಾಕೆ?" ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ದುಡ್ಡು ಕಟ್ಟಾಗಿತ್ತು, ಹೋದೆ. ಭಾವನ ಕೈಗೆ ಅಲ್ಲಿಗೆ ಕಳ್ಸೋಕೆ ಸ್ವಲ್ಪ ಕೊಟ್ಟು ಹೋದೆ, ಅದೂ ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. "ಕ್ರೀಡಾಪಟುಗಳ ಸೇವೆ" ಅಂದ್ರೆ ನೀವು ಏನ್ ಅನ್ಕೊಳ್ತೀರಿ? ನಾನು ಅನ್ಕೊಂಡಿದ್ದು ನಮ್ಮೂರ ಕೌಟುಂಬಿಕ ಹಾಕಿ ಹಬ್ಬದ ಥರ. ಅದೇ 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕುಟುಂಬದವ್ರು ನಡೆಸಿದ ಹಾಕಿಲಿ 360 ಕುಟುಂಬ ಆಡಿದ್ವು, ಅಲ್ಲಿ ಈಗಷ್ಟೇ ಗೋಲ್ ಹೊಡೆದವ ಮಂಡಿಗೆ ಕೆಸರು ಹಾಗೇ ಇಟ್ಕೊಂಡು ನಿಮ್ ಪಕ್ಕದಲ್ಲೇ ತಟ್ಟೆ ಹಿಡ್ಕೊಂಡು ಪಂದಿ ಕರಿಗೆ ಕ್ಯೂ ನಿಂತಿರ್ತಾನೆ, ನೀರು ಬೇಕಾ ಅಂತ ಕೇಳ್ಬೋದು, ಕಾಲು ಒತ್ತಿ ಕೊಡ್ಬೋದು. ಒಲಿಂಪಿಕ್ಸಲ್ಲಿ ಆ ಮಾತೇ ಇಲ್ಲ ಮಾರಾಯ್ರೆ. ಕ್ರೀಡಾಗ್ರಾಮ ಸೇಂಟ್ ದೆನಿ ಕಡೆ, ಸುತ್ತ ಬೇಲಿ, ಪೊಲೀಸು, ಕುತ್ತಿಗೆಲಿ ಕಾರ್ಡ್ ಇಲ್ಲದವ್ರಿಗೆ ಗೇಟ್ ಹತ್ರಾನೂ ಜಾಗ ಇಲ್ಲ. ಒಳಗೆ ಪ್ರಾರ್ಥನಾ ಕೇಂದ್ರ ಇತ್ತು, ಕ್ರೈಸ್ತ, ಇಸ್ಲಾಂ, ಯಹೂದಿ, ಹಿಂದೂ, ಬೌದ್ಧ ಅಂತ ಐದು ಧರ್ಮದವ್ರಿಗೂ ಗುರುಗಳು ಇದ್ರು, ಆದ್ರೆ ಅವ್ರು ಸಂಘಟಕರಿಂದ ಅನುಮತಿ ಪಡೆದವ್ರು. ಅದೂ ಅಲ್ದೆ ಒಲಿಂಪಿಕ್ ಚಾರ್ಟರ್‌ನ 50ನೇ ನಿಯಮದ ಪ್ರಕಾರ ಆಟದ ಜಾಗದಲ್ಲಿ ರಾಜಕೀಯ, ಧರ್ಮ ಯಾವ್ದರ ಪ್ರಚಾರಾನೂ ಮಾಡೋ ಹಾಗಿಲ್ಲ. ಇದು ಹೊಸ ನಿಯಮ ಅಲ್ಲ, ಗುಟ್ಟೂ ಅಲ್ಲ. ನಮ್ಗೆ ಗೊತ್ತಾಗಿದ್ದು ದುಡ್ಡು ಪೂರ್ತಿ ಕಟ್ಟಿ ಆದ್ಮೇಲೆ, ಜೂಮಲ್ಲಿ ಮೂರನೇ ಟ್ರೈನಿಂಗ್ ದಿನ.

ನನ್ ದೊಡ್ಡ ಕಂಪ್ಲೇಂಟ್ ಇದೇ. ರೂಮಿನ ವಿಷಯ ಬಿಡಿ (ಟ್ವಿನ್ ಶೇರಿಂಗ್ ಅಂದವ್ರು ಆರು ಜನರನ್ನ ಒಂದು ಹಾಲಲ್ಲಿ ಚಾಪೆ ಹಾಕಿ ಮಲಗ್ಸಿದ್ರು, ಪಕ್ಕದವರ ಗೊರಕೆ ಕೇಳಿದ್ರೆ ಆನೆ ಓಡ್ಬೇಕು). ಮೆಟ್ರೋ ಟಿಕೆಟ್ ಒಲಿಂಪಿಕ್ಸ್ ಟೈಮಲ್ಲಿ 2.15 ಯೂರೋದಿಂದ 4 ಯೂರೋ ಮಾಡಿದ್ರು, ಅದು ಪ್ಯಾಕೇಜಲ್ಲಿ ಸೇರಿಲ್ಲ ಅಂತ ಅಲ್ಲಿ ಇಳಿದ್ಮೇಲೆ ಹೇಳಿದ್ರು, ಅದೂ ಬಿಡಿ. ಯಾರನ್ನ ಸೇವೆ ಮಾಡ್ತೀವಿ ಅಂತ ದುಡ್ಡು ತಗೊಂಡ್ರೋ ಅವ್ರನ್ನ ನೋಡೋಕೂ ಆಗಲ್ಲ ಅನ್ನೋದನ್ನ ಮೊದ್ಲೇ ಹೇಳ್ಬೇಕಿತ್ತು. ನಮ್ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ, ಬ್ಯಾಡ್ಮಿಂಟನ್ನಿನ ಅಶ್ವಿನಿ ಪೊನ್ನಪ್ಪ ಇಬ್ರೂ ಆ ಒಲಿಂಪಿಕ್ಸಲ್ಲಿ ಆಡಿದ್ರು, ನಾವು ಇಳಿಯೋದ್ರೊಳಗೆ ಇಬ್ಬರದ್ದೂ ಆಟ ಮುಗಿದಿತ್ತು. ಈಗ್ಲೂ ಊರಲ್ಲಿ ಕೇಳ್ತಾರೆ ಬೋಪಣ್ಣ ಸಿಕ್ಕಿದ್ರಾ ಅಂತ!

ಹಾಗಾದ್ರೆ 12 ದಿನ ಏನ್ ಮಾಡಿದ್ವಿ? ಇಲ್ಲಿಂದ ಹೊಗಳಿಕೆ ಶುರು.

ಅಲ್ಲಿಯ ಒಂದು ಚಿಕ್ಕ ಚರ್ಚಿನವ್ರು ಅವ್ರ ಹಾಲನ್ನ ತೆರೆದಿಟ್ಟಿದ್ರು, ಆಟಗಾರರ ಅಪ್ಪ ಅಮ್ಮ, ಅಭಿಮಾನಿಗಳು, ವಾಲಂಟಿಯರ್ಸ್, ದಾರಿ ತಪ್ಪಿದವ್ರು, ಯಾರು ಬೇಕಾದ್ರೂ ಬಂದು ಕೂರ್ಬೋದು, ಫೋನ್ ಚಾರ್ಜ್ ಮಾಡ್ಬೋದು, ಟಾಯ್ಲೆಟ್ಟಿಗೆ ಹೋಗ್ಬೋದು. ಬಾಗಿಲಲ್ಲಿ ಯಾರೂ ಪ್ರಶ್ನೆ ಕೇಳಲ್ಲ, ಕರಪತ್ರ ಕೊಡಲ್ಲ. ನಮ್ಗೆ ಕೊಟ್ಟ ಕೆಲ್ಸ ಬ್ರೆಡ್ ಕುಯ್ಯೋದು, ನೀರು ತುಂಬ್ಸೋದು, ಟಾಯ್ಲೆಟ್ ತೊಳಿಯೋದು. ಪಿಟಿ ಮಾಸ್ಟ್ರಾಗಿ 19 ವರ್ಷ ಮಕ್ಕಳ ಕೈಲಿ ಗ್ರೌಂಡ್ ಗುಡಿಸ್ದವ ನಾನು, ಪ್ಯಾರಿಸಲ್ಲಿ ಕಕ್ಕಸು ತೊಳೆದೆ, ನಮ್ ಹುಡುಗ್ರಿಗೆ ಗೊತ್ತಾದ್ರೆ ಹಬ್ಬ ಮಾಡ್ತಾರೆ.

ನಾನು ಮನೆಯಿಂದ ಎರಡು ಕೆಜಿ ಕಾಫಿ ಪುಡಿ, ಹಿತ್ತಾಳೆ ಫಿಲ್ಟರು ತಗೊಂಡ್ ಹೋಗಿದ್ದೆ. ಎರಡನೇ ದಿನವೇ ಟಾಯ್ಲೆಟ್ಟಿಂದ ಕಾಫಿ ಟೇಬಲ್ಲಿಗೆ ಬಡ್ತಿ ಸಿಕ್ತು. ಬೆಳಗ್ಗೆ ಡಿಕಾಕ್ಷನ್ ಇಳಿಸಿ ಇಟ್ರೆ ಹನ್ನೊಂದು ಗಂಟೆಗೆ ಖಾಲಿ. ಪ್ಯಾರಿಸಲ್ಲೇ ನೆಲೆಸಿರೋ ಇಥಿಯೋಪಿಯಾದ ಹೆಂಗಸು ಒಬ್ರು ದಿನಾ ಬರ್ತಿದ್ರು, ಮೊದ್ಲ ದಿನ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಪುಡಿ ಡಬ್ಬಿ ತರೋಕೆ ಹೇಳಿ ಮೂಸಿ ನೋಡಿದ್ರು, ಇದ್ರಲ್ಲಿ ಕಾಫಿ ಅಲ್ದೆ ಬೇರೇನೋ ಇದೆ ಅಂದ್ರು. ಚಿಕೋರಿ ಅಂದೆ. ಅವ್ರ ಮುಖ ನೋಡ್ಬೇಕಿತ್ತು, ಪಾಪ ಮಾಡ್ದವನನ್ನ ನೋಡೋ ಹಾಗೆ ನೋಡಿದ್ರು! ಕಾಫಿ ಹುಟ್ಟಿದ ದೇಶದವ್ರ ಮುಂದೆ ಚಿಕೋರಿ ಹಾಕಿದ ಕಾಫಿ ಇಟ್ಟವ ನಾನೊಬ್ನೇ ಇರ್ಬೇಕು. ಮಾರನೇ ದಿನ ಅವ್ರೇ ಮನೆಯಿಂದ ಕಾಳು ಹುರ್ಕೊಂಡು ಬಂದ್ರು, ಆಮೇಲೆ ಟೇಬಲ್ ಮೇಲೆ ಎರಡು ಕಾಫಿ, ಅವ್ರದ್ದು ಒಂದು ನಮ್ದು ಒಂದು, ಯಾವ್ದು ಮೊದ್ಲು ಖಾಲಿ ಆಗತ್ತೆ ಅಂತ ಪೈಪೋಟಿ.

ಆಟಗಾರ ಅಂತ ಆ ಹಾಲಿಗೆ ಬಂದಿದ್ದು 12 ದಿನಕ್ಕೆ ಇಬ್ರು. ಒಬ್ಬ ತಂಗಿ ಜೊತೆ ಬಂದು ಐದು ನಿಮಿಷದಲ್ಲಿ ಹೋದ. ಇನ್ನೊಬ್ಬ ಮೊದ್ಲ ಸುತ್ತಲ್ಲೇ ಸೋತವ, ಯಾವ ದೇಶ ಯಾವ ಆಟ ಹೇಳಲ್ಲ, ಚಿಕ್ಕ ತಂಡ. ಬೆನ್ನ ಮೇಲೆ ದೇಶದ ಹೆಸರಿರೋ ಜಾಕೆಟ್ಟನ್ನ ಒಳಗಡೆ ಹೊರಗಡೆ ಮಾಡಿ ಹಾಕ್ಕೊಂಡಿದ್ದ. ಮೊಟ್ಟೆ ಹಾಕಿದ ಅನ್ನ ಕೊಟ್ವಿ, ಎರಡು ತಟ್ಟೆ ತಿಂದ, ಮಾತಿಲ್ಲ, ಗೋಡೆ ಬದಿ ಬೆಂಚಲ್ಲಿ ಮಲಗಿಬಿಟ್ಟ. ನಮ್ ಟೀಮ್ ಲೀಡರ್ ಕ್ಯಾಮೆರಾ ಹಿಡ್ಕೊಂಡು ಓಡಿ ಬಂದ್ರು, ಎಬ್ಸಿ ಪ್ರಾರ್ಥನೆ ಮಾಡೋಣ, ಒಂದು ಫೋಟೋ ಆಗ್ಲಿ, ಊರಿಗೆ ಕಳ್ಸೋಣ ಅಂತ. ಆ ಚರ್ಚಿನ ಅಡುಗೆಮನೆ ನೋಡ್ಕೊಳೋ ಎಪ್ಪತ್ತು ದಾಟಿದ ಅಜ್ಜಿ ಕೈಲಿ ಸೌಟು ಹಿಡ್ಕೊಂಡೇ ಬಂದು ಬೆಂಚಿನ ಮುಂದೆ ನಿಂತ್ರು, ತಲೆ ಅಲ್ಲಾಡ್ಸಿದ್ರು, ಅಷ್ಟೇ. ಆಮೇಲೆ ಕಿಟಕಿ ಪರದೆ ಎಳೆದ್ರು, ಗಿಟಾರ್ ಬಾರಿಸ್ತಿದ್ದ ಹುಡುಗನಿಗೆ ಹೊರಗೆ ಹೋಗು ಅಂತ ಕೈ ಮಾಡಿದ್ರು. ಎರಡು ಗಂಟೆ ಮಲಗಿದ ಅವ. ನಾವೆಲ್ಲ ಚಪ್ಲಿ ಬಿಟ್ಟು ಬರಿಗಾಲಲ್ಲಿ ಓಡಾಡಿದ್ವಿ. ಎದ್ದು ಮುಖ ತೊಳ್ಕೊಂಡು ಅಜ್ಜಿ ಕೈ ಮುಟ್ಟಿ ಹೋದ. 2 ಲಕ್ಷ 80 ಸಾವಿರಕ್ಕೆ ನಾನು ಮಾಡಿದ ಕ್ರೀಡಾಪಟುಗಳ ಸೇವೆ ಅಂದ್ರೆ ಆ ಎರಡು ಗಂಟೆ ಸದ್ದು ಮಾಡ್ದೆ ಇದ್ದಿದ್ದು, ಮತ್ತೆ ಲೆಕ್ಕ ಹಾಕಿದ್ರೂ ಅದು ನಷ್ಟ ಅಂತ ನಂಗೆ ಅನ್ಸಲ್ಲ. ಆದ್ರೆ ಆ ಎರಡು ಗಂಟೆ ಅಜ್ಜಿದು, ನಮ್ ಗುಂಪಿಂದಲ್ಲ.

ಹಾಕಿ ಬಗ್ಗೆ ಹೇಳ್ದೆ ಹೋದ್ರೆ ನಾನು ಕೊಡಗಿನವನೇ ಅಲ್ಲ. ಆಗಸ್ಟ್ 4 ಭಾನುವಾರ, ಭಾರತ ಬ್ರಿಟನ್ ಕ್ವಾರ್ಟರ್ ಫೈನಲ್, ಅಲ್ಲಿ ಬೆಳಗ್ಗೆ 10 ಗಂಟೆ, ಊರಲ್ಲಿ ಮಧ್ಯಾಹ್ನ ಒಂದೂವರೆ. ನಮ್ಗೆ ಅದೇ ಹೊತ್ತಿಗೆ ಆರಾಧನೆ, ತಪ್ಪಿಸೋ ಹಾಗಿಲ್ಲ. ಲೀಡರ್ ಅವತ್ತು ಪ್ರಸಂಗಕ್ಕೆ, ಅಂದ್ರೆ ಆರಾಧನೆಯ ಉಪದೇಶಕ್ಕೆ, ತಗೊಂಡಿದ್ದು ಯಾರನ್ನ? ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು ಅಂತ ಓಡಲ್ಲ ಅಂದವ, ಆಮೇಲೆ 400 ಮೀಟರನ್ನ 47.6 ಸೆಕೆಂಡಲ್ಲಿ ಓಡಿ ಚಿನ್ನ ಗೆದ್ದವ, ಮುಂದಿನ ವರ್ಷವೇ ಚೀನಾಕ್ಕೆ ಮಿಷನರಿ ಆಗಿ ಹೋಗಿ 1945ರಲ್ಲಿ ಅಲ್ಲೇ ಜಪಾನಿನವ್ರ ಸೆರೆ ಶಿಬಿರದಲ್ಲಿ ತೀರ್ಕೊಂಡವ. ಚೆನ್ನಾಗೇ ಹೇಳಿದ್ರು. ಆದ್ರೆ ನನ್ ಜೇಬಲ್ಲಿ ಫೋನು ಗುರ್ ಗುರ್ ಅಂತಿತ್ತು. ಮನೇಲಿ ಮೂರು ದಿನದಿಂದ ಕರೆಂಟ್ ಇಲ್ಲ, ಭಾವ ಕಾರಲ್ಲಿ ಕೂತು ಮೊಬೈಲಲ್ಲಿ ನೋಡ್ತಾ ಮೆಸೇಜ್ ಹಾಕ್ತಿದ್ರು. "ರೋಹಿದಾಸಿಗೆ ರೆಡ್ ಕಾರ್ಡ್!!" "17ನೇ ನಿಮಿಷಕ್ಕೇ" "ಇನ್ನು 10 ಜನ" "ಹರ್ಮನ್ ಗೋಲ್" "1-1 ಆಯ್ತು" "ನೀನೆಲ್ಲಿ ಸತ್ತೆ". ಶೂಟೌಟ್ ಹೊತ್ತಿಗೆ ಹೊಟ್ಟೆ ನೋವು ಅಂತ ಎದ್ದು ಟಾಯ್ಲೆಟ್ಟಿಗೆ ಹೋದೆ, ದೇವ್ರು ಕ್ಷಮಿಸ್ಲಿ, ನಾನೇ ತೊಳೆದ ಟಾಯ್ಲೆಟ್ಟು. ನಮ್ ಗೋಲ್‌ಕೀಪರ್ ಶ್ರೀಜೇಶ್ ತಡೆದ, 4-2ಕ್ಕೆ ಗೆದ್ವಿ.

ನಗು ಬರೋದು ಯಾಕೆ ಅಂದ್ರೆ, ಲಿಡೆಲ್ ಓಡಿದ ಸ್ಟೇಡಿಯಂ ಪ್ಯಾರಿಸ್ ಪಕ್ಕದ ಕೊಲೊಂಬ್‌ದು, ಈವ್ ದ್ಯು ಮನ್ವಾರ್ ಅಂತ ಹೆಸ್ರು, ಈ ಸಲ ಹಾಕಿ ನಡೀತಿದ್ದದ್ದೂ ಅಲ್ಲೇ, ನೂರು ವರ್ಷ ಆದ್ಮೇಲೆ ಅದೇ ನೆಲ. ಲೀಡರಿಗೆ ಅದು ಗೊತ್ತೇ ಇರ್ಲಿಲ್ಲ. ನಾನು ಹೇಳ್ದಾಗ "ಹೌದಾ ಬ್ರದರ್?" ಅಂದು ಸುಮ್ಮನಾದ್ರು. ಕ್ರೀಡಾ ಮಿಷನ್ ಅಂತ ಹೆಸ್ರಿಟ್ಕೊಂಡು ಆಟದ ಬಗ್ಗೆ ಇಷ್ಟೂ ಆಸಕ್ತಿ ಇಲ್ದಿದ್ರೆ ಹೇಗೆ. ಜನರನ್ನ ಅಲ್ಲಿ ಕರ್ಕೊಂಡ್ ಹೋಗಿ ನಿಲ್ಸಿದ್ರೆ ಅರ್ಧ ಪ್ರಸಂಗ ಮಾಡೋ ಅಗತ್ಯನೇ ಇರ್ಲಿಲ್ಲ.

ನಾನೇ ಹೋದೆ. ಆಗಸ್ಟ್ 8, ಸ್ಪೇನ್ ಜೊತೆ ಕಂಚಿನ ಮ್ಯಾಚು, ಒಲಿಂಪಿಕ್ಸಿನ ಅಧಿಕೃತ ಟಿಕೆಟ್ ಆ್ಯಪ್‌ನಲ್ಲೇ ಯಾರೋ ವಾಪಸ್ ಮಾರಿದ ಟಿಕೆಟ್ ಸಿಕ್ತು, ಸೇಂಟ್ ಲಜಾರ್ ಸ್ಟೇಷನ್ನಿಂದ ಟ್ರೈನ್. ಅವತ್ತಿನ "ಹಂಚಿಕೊಳ್ಳುವಿಕೆ" ಮೀಟಿಂಗ್ ತಪ್ಪಿಸಿದ್ದಕ್ಕೆ ಬೈಸ್ಕೊಂಡೆ. ಹಳೇ ಸ್ಟ್ಯಾಂಡ್ ಒಂದನ್ನ ಹಾಗೇ ಉಳ್ಸಿದಾರೆ, ಅದ್ರ ಮುಂದೆ ನೀಲಿ ಟರ್ಫು. ಸ್ಪೇನ್ ಮೊದ್ಲು ಹೊಡೀತು, ಹರ್ಮನ್‌ಪ್ರೀತ್ ಎರಡು ಹೊಡೆದ, 2-1. ಟೋಕಿಯೋ ಆದ್ಮೇಲೆ ಸತತ ಎರಡನೇ ಕಂಚು, ಹೀಗೆ ಹಿಂದೆ ಆಗಿದ್ದು 1968, 1972ರಲ್ಲಿ, ಆ 1972ರ ಮ್ಯೂನಿಕ್ ಒಲಿಂಪಿಕ್ಸ್ ಟೀಮಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ರೂ ಇದ್ರು. ಪಕ್ಕದಲ್ಲಿ ಕೂತ ಪಂಜಾಬಿಗೆ ಅದನ್ನ ಹೇಳ್ದೆ, ಅವ ಅಪ್ಪಿಕೊಂಡ, ಕೇಳಿಸ್ತೋ ಇಲ್ವೋ ಗೊತ್ತಿಲ್ಲ.

ಪಿನ್ ವಿಷಯ ಮರೆತೆ. ಒಲಿಂಪಿಕ್ಸಲ್ಲಿ ಎದೆಗೆ ಚುಚ್ಕೊಳೋ ಪಿನ್ ಅದಲು ಬದಲು ಮಾಡೋದು ದೊಡ್ಡ ಹುಚ್ಚು. ಗುಂಪಿನವ್ರು ತಲೆಗೆ 50 ಪಿನ್ ಕೊಟ್ಟಿದ್ರು, ಇದೊಂದು ಐಡಿಯಾ ನಿಜಕ್ಕೂ ಸೂಪರ್, ಮಾತಿಗೆ ದಾರಿ ಆಗತ್ತೆ, ಭಾಷೆ ಬೇಡ. ನಾನು ಜೊತೆಗೆ ಊರಿಂದ ಬೆರಳುದ್ದಕ್ಕಿಂತ ಸಣ್ಣ ಪೀಚೆ ಕತ್ತಿ (ಕೊಡವರು ಸೊಂಟಕ್ಕೆ ಸಿಗಿಸ್ಕೊಳೋ ಬಾಕು) ಆಕಾರದ ಪಿನ್ನು ಒಂದು ಡಜನ್ ಮಾಡ್ಸಿದ್ದೆ. ಹಾಕಿ ಮ್ಯಾಚಿನ ದಿನ ಸ್ಟೇಡಿಯಂ ಗೇಟಲ್ಲಿ ಸೆಕ್ಯುರಿಟಿಯವ ಅದನ್ನ ಎತ್ತಿ ಬೆಳಕಿಗೆ ಹಿಡಿದು ತಿರುಗ್ಸಿ ನೋಡಿ, ಇನ್ನೊಬ್ಬನನ್ನ ಕರೆದು, ಇಬ್ರೂ ನಕ್ಕು ಬಿಟ್ರು. ಕಿತ್ತಳೆ ಬಟ್ಟೆ ಹಾಕಿದ್ದ ನೆದರ್ಲೆಂಡ್ಸಿನ ಒಬ್ಬ ಮುದುಕರು ಅದಕ್ಕೆ ಬದಲಾಗಿ ಟೋಪಿನೇ ಕೊಟ್ರು, ಅದೇ ರಾತ್ರಿ ಅವ್ರ ಹಾಕಿ ಟೀಮು ಚಿನ್ನ ಗೆದ್ದಿತು.

ಈಗ ಗ್ಲಾಸ್ಗೋ. 2026ರ ಜುಲೈ 23ರಿಂದ ಆಗಸ್ಟ್ 2, ಅದೂ ನಮ್ಮೂರಿನ ಪಕ್ಕಾ ಮಳೆಗಾಲ. ದುಡ್ಡು ಕಟ್ಟೋ ಮುಂಚೆ ಅವ್ರನ್ನ ಕೇಳಿ, ಕ್ರೀಡಾಗ್ರಾಮದ ಒಳಗೆ ಬಿಡೋ ಕಾರ್ಡ್ ಯಾರಿಗೆ ಉಂಟು, ಅಲ್ಲಿಯ ಯಾವ ಚರ್ಚಿನ ಜೊತೆ ಕೆಲ್ಸ, ಬೆಳಗ್ಗೆಯಿಂದ ಸಂಜೆ ತನಕ ನಿಜವಾಗಿ ಏನ್ ಕೆಲ್ಸ, ಎಷ್ಟು ಜನ ಒಂದು ರೂಮು. ಟಾಯ್ಲೆಟ್ ತೊಳಿಯೋದು ಅಂತ ಉತ್ತರ ಬಂದ್ರೆ ಖುಷಿಯಿಂದ ಹೋಗಿ. ಆಟಗಾರರ ಜೊತೆ ಇರ್ತೀರಿ ಅಂದ್ರೆ ಇನ್ನೊಂದು ಸಲ ಕೇಳಿ. ನಾನು ಹೋಗಲ್ಲ, ಗ್ಲಾಸ್ಗೋಲಿ ಈ ಸಲ ಹಾಕಿನೇ ಇಲ್ಲ.

ಪೀಚೆ ಕತ್ತಿ ಪಿನ್ನು 11 ಉಳಿದಿದೆ, ಹೋಗೋವ್ರು ಬೇಕಂದ್ರೆ ಸಂಜೆ ಗ್ರೌಂಡ್ ಹತ್ರ ಬಂದು ತಗೊಳ್ಳಿ. ಕಾಫಿ ಪುಡಿ ನೀವೇ ತಗೊಂಡ್ ಹೋಗಿ, ಚಿಕೋರಿ ಹಾಕ್ಸಬೇಡಿ.