ಅಗಲಿದ ಸಹೋದ್ಯೋಗಿಯ ಫೋಟೋ ಮಾಡಿಸುವಾಗ: ಲ್ಯಾಬ್ ಪ್ರಿಂಟ್, ಗಾಜಿನ ಕಟ್ಟು, ಲ್ಯಾಮಿನೇಷನ್, ಫ್ಲೆಕ್ಸ್ ವಿಮರ್ಶೆ

ಜೊತೆಗೆ ದುಡಿದ ಗೆಳೆಯ ತೀರಿಕೊಂಡಾಗ ಆಫೀಸಿನವರು, ಡಿಪೋದವರು, ಸ್ಟಾಫ್ ರೂಮಿನವರು ದುಡ್ಡು ಕೂಡಿಸಿ ಮೊದಲು ಮಾಡಿಸುವುದು ಒಂದು ದೊಡ್ಡ ಫೋಟೋ. ಊರಿನಲ್ಲಿ ಇದಕ್ಕೆ ಸಿಗುವ ಸೇವೆ ನಾಲ್ಕು ಬಗೆ: ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ ಗಾಜಿನ ಕಟ್ಟು ಹಾಕಿಸುವುದು, ಹಲಗೆಗೆ ಅಂಟಿಸಿದ ಲ್ಯಾಮಿನೇಷನ್, ಗಾಜಿನಂಥ ಪ್ಲಾಸ್ಟಿಕ್ಕಿನ ಅಕ್ರಿಲಿಕ್, ಫ್ಲೆಕ್ಸ್. ಮೊದಲನೆಯದೇ ಉತ್ತಮ. ಉಳಿದವುಗಳಲ್ಲಿ ಲ್ಯಾಮಿನೇಷನ್ ಒಣ ಊರುಗಳಲ್ಲಿ ಪರವಾಗಿಲ್ಲ, ಫ್ಲೆಕ್ಸ್ ಬೇಡವೇ ಬೇಡ. ಆದರೆ ನಾಲ್ಕರಲ್ಲೂ ಹೆಚ್ಚಾಗಿ ಕೆಡುವುದು ಕಟ್ಟಲ್ಲ, ಮುಖ. ಹಾಗಾಗಿ ಮುಖದ ಮಾತೇ ಮೊದಲು.

ಬಹಳ ಸಲ ಕೈಗೆ ಸಿಗುವುದು ಬೀಳ್ಕೊಡುಗೆ ದಿನದ ಗುಂಪು ಫೋಟೋ, ಅದೂ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು. ಹಾಗೆ ಬಂದ ಫೋಟೋದ ಉದ್ದನೆಯ ಬದಿ ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿರುತ್ತದೆ. 12×18 ಇಂಚಿನ ಪ್ರಿಂಟ್ ಚೆನ್ನಾಗಿ ಬರಲು ಇಂಚಿಗೆ 200 ಪಿಕ್ಸೆಲ್‌ನಂತೆ 2400×3600 ಬೇಕು. ಇಪ್ಪತ್ತು ಜನರ ಗುಂಪಿನಲ್ಲಿ ಒಂದು ಮುಖದ ಪಾಲಿಗೆ ನೂರು ಪಿಕ್ಸೆಲ್ ಬಂದರೆ ಹೆಚ್ಚು. ಅಷ್ಟರಿಂದ ನಿಜವಾಗಿ ಮೂಡುವುದು ಅರ್ಧ ಇಂಚಿನ ಮುಖ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಆ ಫೋಟೋ ತೆಗೆದವರನ್ನು ಹುಡುಕಿ, ಅವರ ಫೋನಿನಲ್ಲೇ ಇರುವ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಈ ಒಂದು ಕೆಲಸ ಮಾಡಿದರೆ ಅರ್ಧ ಗೆದ್ದಂತೆ.

ಮೂಲ ಸಿಗದಿದ್ದರೆ ಪಾಸ್‌ಪೋರ್ಟ್ ಅಳತೆಯ ಹಳೆಯ ಫೋಟೋ ಗುಂಪು ಫೋಟೋಗಿಂತ ಎಷ್ಟೋ ಮೇಲು. 3.5×4.5 ಸೆಂಟಿಮೀಟರಿನ ಫೋಟೋವನ್ನು 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಸುಮಾರು 1650×2120 ಪಿಕ್ಸೆಲ್ ಸಿಗುತ್ತದೆ. 8×10 ಇಂಚಿಗೆ ಅದು ಸಾಕು. 12×18ಕ್ಕೆ ಎಳೆದರೆ ಮುಖ ಮಸುಕಾಗುತ್ತದೆ, ಎಳೆಯಬೇಡಿ. ಚಿಕ್ಕದಾಗಿ, ಸ್ಪಷ್ಟವಾಗಿ ಇರಲಿ. ಕೆಲವು ಸ್ಟುಡಿಯೋದವರು ಫೋಟೋವನ್ನು ಮೇಜಿನ ಮೇಲಿಟ್ಟು ಫೋನಿನಲ್ಲಿ ಕ್ಲಿಕ್ಕಿಸಿಕೊಳ್ಳುತ್ತಾರೆ. ಅದಕ್ಕೆ ಒಪ್ಪಬೇಡಿ, ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಫೋಟೋದ ಮೇಲೆ ಸೀಲು ಬಿದ್ದಿದ್ದರೆ ಭುಜದ ಮೇಲಿನದನ್ನು ತೆಗೆಯಬಹುದು. ಕೆನ್ನೆಯ ಮೇಲೆ ಬಿದ್ದಿದ್ದರೆ ಬೇರೆ ಪ್ರತಿ ಹುಡುಕುವುದೇ ಸರಿ. ತರಿತರಿ ಮೇಲ್ಮೈಯ ಹಳೆಯ ಕಾಗದದ ಫೋಟೋ ಸ್ಕ್ಯಾನ್ ಆದಾಗ ಮುಖದ ತುಂಬ ಚುಕ್ಕಿ ಕಾಣುತ್ತದೆ. ಅದನ್ನು ಒಮ್ಮೆ ನೇರವಾಗಿಯೂ ಇನ್ನೊಮ್ಮೆ ತಲೆಕೆಳಗಾಗಿಯೂ ಇಟ್ಟು ಸ್ಕ್ಯಾನ್ ಮಾಡಿ ಎರಡನ್ನೂ ಬೆರೆಸಿದರೆ ಚುಕ್ಕಿ ಬಹುಪಾಲು ಇಳಿಯುತ್ತದೆ. ಈ ಕ್ರಮ ಗೊತ್ತಿರುವ ಸ್ಟುಡಿಯೋ ಸಿಕ್ಕರೆ ಬಿಡಬೇಡಿ.

ಈಗ ಎಲ್ಲೆಡೆ ನಡೆಯುತ್ತಿರುವ ದೊಡ್ಡ ತಪ್ಪು ಎಐ ಆ್ಯಪ್‌ನಲ್ಲಿ ಮುಖ ‘ಕ್ಲಿಯರ್’ ಮಾಡುವುದು. ಇಲ್ಲದ ವಿವರವನ್ನು ಅದು ಬೇರೆಯವರ ಮುಖಗಳಿಂದ ಕಲಿತ ಅಂದಾಜಿನಲ್ಲಿ ತುಂಬುತ್ತದೆ. ಮಚ್ಚೆ ಮಾಯ, ಹಣೆಯ ವಿಭೂತಿಯ ಮೂರು ಗೆರೆ ಕರಗಿ ಒಂದು ಬಿಳಿ ಪಟ್ಟಿ, ಕನ್ನಡಕದ ದಂಡೆ ಕೆನ್ನೆಯಲ್ಲಿ ಸೇರಿಕೊಂಡಿರುತ್ತದೆ, ಸ್ವಲ್ಪ ವಾರೆಯಾಗಿದ್ದ ಕಣ್ಣು ನೆಟ್ಟಗಾಗಿರುತ್ತದೆ. ಹಲ್ಲುಗಳಂತೂ ಹೊಸವು. ನೋಡಲು ಚೆಂದ, ಆದರೆ ಅದು ನಮ್ಮ ಗೆಳೆಯನಲ್ಲ. ಹತ್ತು ಹದಿನೈದು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ, ಮನೆಯವರಿಗೆ ಇನ್ನೂ ಬೇಗ. ಇದರ ಜೊತೆಗೆ ಸ್ಟುಡಿಯೋದವರು ಕೇಳದೆಯೇ ಬಣ್ಣ ಬಿಳಿ ಮಾಡುತ್ತಾರೆ, ಕೋಟು ತೊಡಿಸುತ್ತಾರೆ, ಹಿಂದೆ ಮೋಡ ಹಾಕುತ್ತಾರೆ. ದಿನವೂ ಖಾಕಿಯಲ್ಲಿ ಕಂಡವರನ್ನು ಖಾಕಿಯಲ್ಲೇ ಇಡಿ. ಆರ್ಡರ್ ಚೀಟಿಯಲ್ಲಿ ಹೀಗೆ ಬರೆಸಿ: ‘ಮುಖ ತಿದ್ದಬಾರದು, ಬಣ್ಣ ಬಿಳಿ ಮಾಡಬಾರದು, ಗೀರು ಮತ್ತು ಕಲೆ ಮಾತ್ರ ತೆಗೆಯಬೇಕು.’ ದೊಡ್ಡ ಪ್ರಿಂಟ್‌ಗೆ ಮೊದಲು ಒಂದು 4×6 ಹಾಕಿಸಿ, ಹಗಲು ಬೆಳಕಿನಲ್ಲಿ ಮನೆಯವರೊಬ್ಬರಿಗೂ ಪಕ್ಕದಲ್ಲಿ ಕೆಲಸ ಮಾಡಿದವರೊಬ್ಬರಿಗೂ ತೋರಿಸಿ. ಮೊಬೈಲ್ ಪರದೆಯಲ್ಲಿ ನೋಡಿ ‘ಓಕೆ’ ಎನ್ನಬೇಡಿ. ಪರದೆಯಲ್ಲಿ ಬೆಳಗಿ ಕಂಡದ್ದು ಕಾಗದದಲ್ಲಿ ಒಂದಿಷ್ಟು ಕಪ್ಪಾಗಿಯೇ ಬರುತ್ತದೆ.

ಪ್ರಿಂಟ್ ಹೇಳುವಾಗ ‘ಲ್ಯಾಬ್ ಪ್ರಿಂಟ್, ಮ್ಯಾಟ್’ ಎಂದು ಹೇಳಿ. ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ಅಗ್ಗ, ಆದರೆ ಚರ್ಮದ ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬೀಳುತ್ತದೆ. ಗ್ಲಾಸಿ ಕಾಗದ ಟ್ಯೂಬ್‌ಲೈಟಿನ ಎದುರು ಹೊಳೆಯುತ್ತದೆ. ಕಪ್ಪು ಬಿಳುಪು ಫೋಟೋವನ್ನು ಕಲರ್ ಕಾಗದದಲ್ಲಿ ಹಾಕಿದಾಗ ಹಸಿರು ಅಥವಾ ನೇರಳೆ ಛಾಯೆ ಬರುವುದುಂಟು. 4×6 ತೆಗೆಸಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಕಟ್ಟಿನ ಅಂಗಡಿಯಲ್ಲಿ ಕೇಳಬೇಕಾದ್ದು ಮೌಂಟ್ ಬೋರ್ಡ್, ಅಂದರೆ ಪ್ರಿಂಟ್ ಮತ್ತು ಗಾಜಿನ ನಡುವೆ ಸುತ್ತಲೂ ಅಂಚಾಗಿ ಬರುವ ದಪ್ಪ ರಟ್ಟು. ಪ್ರಿಂಟ್ ನೇರವಾಗಿ ಗಾಜಿಗೆ ತಾಗಿದರೆ ಮಳೆಗಾಲದ ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಮೌಂಟ್ ಬೋರ್ಡ್ ನಡುವೆ ಒಂದಿಷ್ಟು ಗಾಳಿ ಬಿಡುತ್ತದೆ. 12×18 ಪ್ರಿಂಟ್‌ಗೆ ಸುತ್ತ 2 ಇಂಚು ಬಿಟ್ಟರೆ ಕಟ್ಟಿನ ಒಳ ಅಳತೆ ಸುಮಾರು 16×22 ಆಗುತ್ತದೆ. 2 ಮಿಲಿಮೀಟರ್ ಗಾಜೇ ಒಂದು ಕಿಲೋ ದಾಟುತ್ತದೆ. ಆದ್ದರಿಂದ ಹಿಂದೆ ನಡುವೆ ಒಂದೇ ಕೊಕ್ಕೆ ಬೇಡ, ಎರಡು ಬದಿಗೂ ಒಂದೊಂದು ಬಳೆ ಹಾಕಿಸಿ. ಗೋಡೆಗೆ ಮೊಳೆ ಹೊಡೆಯದೆ ಡ್ರಿಲ್ ಮಾಡಿ ಪ್ಲಗ್ ಕೂರಿಸಿ ಸ್ಕ್ರೂ ಹಾಕಿ, ಗಾರೆಯಲ್ಲಿ ಮೊಳೆ ಸಡಿಲವಾಗುತ್ತದೆ. ಹಿಂಬದಿಯ ಅಂಚಿಗೆಲ್ಲ ಕಾಗದದ ಟೇಪ್ ಅಂಟಿಸಿದ್ದಾರೋ ನೋಡಿ. ಅದು ಬಿಟ್ಟುಹೋದರೆ ಬೆಳ್ಳಿಮೀನು ಹುಳು ಒಳಗೆ ಸೇರಿ ಕಾಗದದ ಮೇಲ್ಮೈ ತಿನ್ನುತ್ತದೆ.

ಲ್ಯಾಮಿನೇಷನ್ ಹಗುರ, ಒಡೆಯುವುದಿಲ್ಲ, ಬೇಗ ಸಿಗುತ್ತದೆ. ಹಲಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ್ದು) ಆಗಿದ್ದರೆ ಮಲೆನಾಡು, ಕರಾವಳಿಯ ಮಳೆಗೆ ಅಂಚು ಊದಿ ಹಾಳೆ ಏಳುತ್ತದೆ. ಅಕ್ರಿಲಿಕ್ ಹೊಳಪು ಚೆನ್ನ, ಆದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಫ್ಲೆಕ್ಸ್ ಬೇಡವೆನ್ನಲು ಕಾರಣ ಎರಡು. ಕರ್ನಾಟಕದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಎರಡನೆಯದು, ಹದಿನೈದು ದಿನ ಕಳೆದ ಮೇಲೆ ಅದೇ ಹಾಳೆ ಸೌದೆಯ ಮೇಲೋ ಮರಳಿನ ಮೇಲೋ ಹೊದಿಕೆಯಾಗಿ ಬಿದ್ದಿರುತ್ತದೆ, ಗೆಳೆಯನ ಮುಖ ಹೊತ್ತುಕೊಂಡು. ನೋಡಲಾಗುವುದಿಲ್ಲ. ಬ್ಯಾನರ್ ಬೇಕೇ ಬೇಕಾದರೆ ಬಟ್ಟೆಯದ್ದು ಬರೆಸಿ.

ಹೆಸರಿನ ಸಾಲಿನಲ್ಲಿ ಎಚ್ಚರ ಬೇಕು. ಹಳೆಯ ಫಾಂಟಿನಿಂದ ಯುನಿಕೋಡ್‌ಗೆ, ಅಲ್ಲಿಂದ ಮತ್ತೆ ಹಳೆಯದಕ್ಕೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಪಲ್ಲಟವಾಗುತ್ತವೆ. ಹಳೆಯ ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ನಿಲ್ಲುತ್ತದೆ. ಹೆಸರು, ಹುದ್ದೆ, ಬಿಲ್ಲೆ ಸಂಖ್ಯೆ, ಜನನ ಮರಣದ ದಿನಾಂಕ ಎಲ್ಲವನ್ನೂ ಕಾಗದದಲ್ಲಿ ಬರೆದು ಕೊಡಿ, ಪ್ರಿಂಟ್‌ಗೆ ಮುನ್ನ ಅಕ್ಷರ ಅಕ್ಷರ ಓದಿ. ದಾಖಲೆಯಲ್ಲಿ ಒಂದು ಹೆಸರು, ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ಇನ್ನೊಂದು ಇದ್ದರೆ ಎರಡನ್ನೂ ಹಾಕಿಸಿ. ಆ ಇನ್ನೊಂದು ಹೆಸರೇ ಮನೆಯವರಿಗೆ ಹೊಸದು, ನಮಗೆ ಆಪ್ತ. ಹೆಸರಿಗೆ ಮೊದಲು ‘ದಿವಂಗತ’, ‘ಲಿಂಗೈಕ್ಯ’, ‘ಮರ್ಹೂಮ್’, ಇವುಗಳಲ್ಲಿ ಯಾವುದು ಎಂಬುದನ್ನು ಮನೆಯವರಲ್ಲೇ ಕೇಳಿ. ಫೋಟೋ ತೂಗುಹಾಕುವುದು, ಹಾರ ಹಾಕುವುದು ಅವರಿಗೆ ಒಪ್ಪಿಗೆಯೇ ಎಂದೂ ಕೇಳಿ, ಎಲ್ಲ ಮನೆಗಳ ಪದ್ಧತಿ ಒಂದೇ ಅಲ್ಲ.

ನುಡಿನಮನ ಸಭೆ ನಾಳೆಯೇ ಇದ್ದರೆ 8×12 ಪ್ರಿಂಟ್ ಒಂದನ್ನು ಸಿದ್ಧ ಫ್ರೇಮಿನಲ್ಲಿ ಕೂರಿಸಿ ಮುಗಿಸಿ. ಹನ್ನೊಂದನೆಯ ದಿನಕ್ಕೋ ವೈಕುಂಠ ಸಮಾರಾಧನೆಗೋ ಮನೆಯವರಿಗೂ ಒಂದು ಬೇಕಾಗುತ್ತದೆ, ಪ್ರತಿ ಎರಡು ಹಾಕಿಸಿ. ಗೋಡೆಯದನ್ನು ಅವಸರವಿಲ್ಲದೆ ಮಾಡಿಸಿ. ಕಿಟಕಿಯ ಎದುರು ಗೋಡೆ ಬೇಡ, ಬಿಸಿಲಿಗೆ ಬಣ್ಣ ಹಾರುತ್ತದೆ. ನೀರು ಚಿಮುಕಿಸಿದ ಹೂವಿನ ಹಾರದಿಂದ ತೇವ ಕಟ್ಟಿನ ಮೇಲಂಚಿನಲ್ಲಿ ಇಳಿದು ಬೂಷ್ಟು ಹಿಡಿಯುತ್ತದೆ. ಹೂವನ್ನು ಅದೇ ಸಂಜೆ ತೆಗೆಯಿರಿ, ದಿನವೂ ಇರಬೇಕೆಂದರೆ ಗಂಧದ ಚಕ್ಕೆಯ ಹಾರ ಹಾಕಿ.

ಅಂಗಡಿಯಿಂದ ಹೊರಡುವಾಗ ಪೂರ್ಣ ಅಳತೆಯ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆದು ಮನೆಯವರಿಗೆ ಕೊಡಿ. ಕಟ್ಟಿನ ಹಿಂಬದಿಗೆ ಒಂದು ಚೀಟಿ ಅಂಟಿಸಿ, ಅವರ ಹೆಸರು, ಇಲ್ಲಿ ಕೆಲಸಕ್ಕೆ ಸೇರಿದ ವರ್ಷ, ಯಾವ ವಿಭಾಗ, ಫೋಟೋ ತೆಗೆದವರು ಯಾರು ಎಂದು ಬರೆಯಿರಿ. ಮುಂದೆ ಗೋಡೆಗೆ ಸುಣ್ಣ ಹೊಡೆಯುವಾಗ ಕಟ್ಟನ್ನು ಇಳಿಸುವವರು ಅವರನ್ನು ನೋಡಿರದ ಹೊಸಬರಾಗಿರಬಹುದು.