ಬೆಂಟೋ, ಖಾನೆಯ ಸ್ಟೀಲ್ ಡಬ್ಬಿ, ಬಿಸಿ ಡಬ್ಬಿ: ಮಕ್ಕಳ ಊಟಕ್ಕೆ ಯಾವುದು ಸರಿ?

ಬೆಳಗ್ಗೆ 7:15ಕ್ಕೆ ತುಂಬಿದ ಊಟ 12:30ಕ್ಕೆ ಮುಚ್ಚಳ ತೆಗೆದಾಗ ಹೇಗಿರುತ್ತದೆ ಅನ್ನುವುದೊಂದೇ ಇಲ್ಲಿನ ಅಳತೆಗೋಲು. ಹೋಲಿಸಿ ನೋಡಿದ್ದು ಮೂರು ಬಗೆ. ಮುಚ್ಚಳದ ಸಿಲಿಕೋನ್ ಪ್ರತಿ ಖಾನೆಯ ಅಂಚಿಗೂ ಕೂರುವ ಪ್ಲಾಸ್ಟಿಕ್ ಬೆಂಟೋ, ಅಂದರೆ ಜಪಾನಿ ಮಾದರಿಯ ಖಾನೆ ಡಬ್ಬಿ. ನಡುವೆ ಅಡ್ಡಗೋಡೆ ಇರುವ ಸ್ಟೀಲ್ ಡಬ್ಬಿ, ಅದರೊಳಗೆ ಕೂರುವ ತಿರುಪು ಮುಚ್ಚಳದ ಪುಟ್ಟ ಡಬ್ಬಿಯ ಸಮೇತ. ಎರಡು ಪದರದ 300 ಮಿ.ಲೀ. ಬಿಸಿ ಡಬ್ಬಿ.

ಡಬ್ಬಿಗಿಂತ ಮೊದಲು ಅನ್ನದ ವಿಷಯ ಹೇಳಬೇಕು, ಹೆಚ್ಚಿನವರು ಎಡವುವುದು ಅಲ್ಲೇ. ಜಪಾನಿನ ಬೆಂಟೋ ತಣ್ಣಗೆ ತಿನ್ನಲೆಂದೇ ಕಟ್ಟುವ ಊಟ. ಅಲ್ಲಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ (ಆರಿದಾಗ ಅನ್ನವನ್ನು ಬಿರುಸಾಗಿಸುವ ಪಿಷ್ಟ) ಕಡಿಮೆ, ಹಾಗಾಗಿ ಆರಿದ ಮೇಲೂ ಅನ್ನ ಮೆತ್ತಗೆ, ಅಂಟಂಟಾಗಿ ಇರುತ್ತದೆ. ಸೋನಾ ಮಸೂರಿಯಲ್ಲಿ ಅದು ಹೆಚ್ಚು. ಆರುತ್ತಾ ಬಂದಂತೆ ಅಗುಳು ಬಿರುಸಾಗುತ್ತದೆ. ಫೋಟೋ ನೋಡಿ ಕರಡಿ, ಮೊಲದ ಅಚ್ಚಿಗೆ ಒತ್ತಿದ ಸೋನಾ ಮಸೂರಿ ಅನ್ನ ಮಧ್ಯಾಹ್ನದ ಹೊತ್ತಿಗೆ ಉದುರಿ ಹೋಗಿರುತ್ತದೆ. ಅಚ್ಚಿನ ಆಸೆ ಬಿಟ್ಟು, ಲೋಟ ಅಕ್ಕಿಗೆ ಎರಡರ ಬದಲು ಎರಡೂವರೆ ಲೋಟ ನೀರಿಟ್ಟು, ಬಿಸಿಯಿರುವಾಗಲೇ ಒಂದು ಚಮಚ ಎಣ್ಣೆ ಸವರಿ ತಟ್ಟೆಯಲ್ಲಿ ಹರಡಿ. ಪುಳಿಯೋಗರೆ ಎಲ್ಲಕ್ಕಿಂತ ಚೆನ್ನಾಗಿ ಉಳಿಯುತ್ತದೆ: ಗೊಜ್ಜಿನ ಎಣ್ಣೆ ಅಗುಳನ್ನು ಬಿಡಿಬಿಡಿಯಾಗಿ ಇಡುತ್ತದೆ, ಹುಣಸೆಯ ಹುಳಿ ಬೇಗ ಕೆಡಲು ಬಿಡುವುದಿಲ್ಲ. ರಾತ್ರಿಯಿಡೀ ಹೊರಗೆ ಉಳಿದ ಅನ್ನವನ್ನು ಮಾತ್ರ ಮಕ್ಕಳ ಡಬ್ಬಿಗೆ ಹಾಕಲೇಬಾರದು. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಈಗ ಪ್ಲಾಸ್ಟಿಕ್ ಬೆಂಟೋ. ಬಣ್ಣ ಕಾಣಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಪಡ್ಡು ಇದಕ್ಕೆ ಹೇಳಿ ಮಾಡಿಸಿದ ತಿಂಡಿ: ಆರು ಪಡ್ಡು, ಪಕ್ಕದಲ್ಲಿ ಗಟ್ಟಿ ಕಡಲೆ ಚಟ್ನಿ, ಕ್ಯಾರೆಟ್ ಪಲ್ಯ, ಬೀನ್ಸ್, ದಾಳಿಂಬೆ ಕಾಳು. ಗಟ್ಟಿ ಮೊಸರು, ಚಟ್ನಿ ಪಕ್ಕದ ಖಾನೆಗೆ ದಾಟಲಿಲ್ಲ. ಸಾರು, ತಿಳಿ ಹುಳಿ ಮಾತ್ರ ಬ್ಯಾಗ್ ಅಡ್ಡಬಿದ್ದಾಗ ಸೋರಿತು. ತಯಾರಕರು ‘ಸೋರುವುದಿಲ್ಲ’ ಎಂದು ಬರೆದಿದ್ದರೂ ಅದನ್ನು ಗಟ್ಟಿ ಪದಾರ್ಥಕ್ಕೆ ಮಾತ್ರ ಅನ್ವಯಿಸಿಕೊಳ್ಳಿ. ಖಾನೆಗಳು ಚಿಕ್ಕವು, ಚಪಾತಿ ಸುತ್ತಿ ಎರಡಾಗಿ ಕತ್ತರಿಸಬೇಕು. ಇನ್ನೊಂದು ಕಾಟ ಅರಿಶಿನ: ಒಗ್ಗರಣೆಯ ಎಣ್ಣೆಯ ಜೊತೆ ಸಿಲಿಕೋನಿಗೆ ಇಳಿದ ಹಳದಿ ಸೋಪಿಗೆ ಹೋಗುವುದಿಲ್ಲ. ತೊಳೆದು ಬಿಸಿಲಿಗಿಟ್ಟರೆ ಮಾಸುತ್ತದೆ. ಆ ವಾಷರನ್ನು ವಾರಕ್ಕೆರಡು ಸಲ ಕಿತ್ತು ತೊಳೆಯದಿದ್ದರೆ ಅಡಿಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ.

ಬಿಸಿ ಅನ್ನ ತುಂಬಿ ತಕ್ಷಣ ಮುಚ್ಚಿದರೆ ಮೂರು ತೊಂದರೆ ಒಟ್ಟಿಗೆ. ಆವಿ ಮುಚ್ಚಳದಲ್ಲಿ ನೀರಾಗಿ ತೊಟ್ಟಿಕ್ಕಿ ಪಲ್ಯ ಹಳಸುತ್ತದೆ. ಬೀನ್ಸಿನ ಹಸಿರು ಕಂದುತ್ತದೆ. ಒಳಗಿನ ಆವಿ ತಣಿದು ಒತ್ತಡ ಇಳಿಯುವುದರಿಂದ ಮುಚ್ಚಳ ಕಚ್ಚಿಕೊಂಡು ಯುಕೆಜಿ ಮಗುವಿನ ಕೈಗೆ ಬರುವುದೇ ಇಲ್ಲ. ಅಗಲ ತಟ್ಟೆಯಲ್ಲಿ ಫ್ಯಾನಿನಡಿ ಹತ್ತು ಹನ್ನೆರಡು ನಿಮಿಷ ಆರಿಸಿದರೆ ಸಾಕು.

ಖಾನೆಯ ಸ್ಟೀಲ್ ಡಬ್ಬಿ ನೋಡಲು ಸಪ್ಪೆ, ಬಾಳಿಕೆಗೆ ಗಟ್ಟಿ. ಅಡ್ಡಗೋಡೆ ಮುಚ್ಚಳದವರೆಗೆ ತಾಗುವುದಿಲ್ಲ, ಹಾಗಾಗಿ ರಸ ಆಚೀಚೆ ಹರಿಯುತ್ತದೆ. ಬೀಟ್‌ರೂಟ್ ಪಲ್ಯ ಇಟ್ಟ ದಿನ ಮೊಸರನ್ನವೂ ಗುಲಾಬಿ. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಕರಗುವಂಥದ್ದು. ಪಲ್ಯವನ್ನು ನೀರಾರುವ ತನಕ ಹುರಿದು, ಕೊನೆಗೆ ಎರಡು ಚಮಚ ಒಣಕೊಬ್ಬರಿ ತುರಿ ಬೆರೆಸಿದರೆ ರಸ ಹೀರಿಕೊಳ್ಳುತ್ತದೆ. ಕೋಸಂಬರಿಯದ್ದೂ ಇದೇ ಕಥೆ: ಬೆಳಗ್ಗೆಯೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಬೀಜದ ಭಾಗ ತೆಗೆದು ಹೆಚ್ಚಿ, ನೆನೆಸಿದ ಹೆಸರುಬೇಳೆಯ ನೀರು ಪೂರಾ ಬಸಿದು, ಉಪ್ಪು ನಿಂಬೆರಸವನ್ನು ಪುಟ್ಟ ಡಬ್ಬಿಯಲ್ಲಿ ಬೇರೆ ಕಳಿಸಿ. ಹುಳಿ, ಗೊಜ್ಜು, ಮೊಸರಿಗೂ ಅದೇ ಪುಟ್ಟ ಡಬ್ಬಿ. ಈ ಜೋಡಿಗೆ ಸೋರುವ ಭಯವೇ ಇಲ್ಲ. ಬಣ್ಣದ ಸಿಲಿಕೋನ್ ಬಟ್ಟಲು ಎರಡು ಇಟ್ಟರೆ ಬೆಂಟೋದ ಚೆಂದವೂ ಬಂತು.

ಮೊಸರನ್ನ ಹುಳಿಯಾಗದಿರಲು ಒಂದು ಲೋಟ ಅನ್ನಕ್ಕೆ ಕಾಯಿಸಿ ಆರಿಸಿದ ಮುಕ್ಕಾಲು ಲೋಟ ಹಾಲು, ಒಂದೇ ಚಮಚ ಮೊಸರು. ಬೆಳಗ್ಗೆ ಹಾಲನ್ನದಂತೆ ತೆಳ್ಳಗಿದ್ದದ್ದು ಊಟದ ಹೊತ್ತಿಗೆ ಗಟ್ಟಿಯಾಗಿ ಹದಕ್ಕೆ ಬಂದಿರುತ್ತದೆ.

ಬಿಸಿ ಡಬ್ಬಿ ಬಿಸಿಬೇಳೆಬಾತ್, ಪೊಂಗಲ್‌ಗೆ ಒಳ್ಳೆಯದು, ಬಣ್ಣಕ್ಕೆ ಅಲ್ಲ. ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಕುದಿಯುತ್ತಿರುವ ಬಾತನ್ನು ಕಂಠಮಟ್ಟ ತುಂಬಬೇಕು. ಅರ್ಧ ತುಂಬಿದರೆ ಬೇಗ ತಣಿಯುತ್ತದೆ. ಬಾತ್ ಒಳಗೆ ಗಟ್ಟಿಯಾಗುವುದರಿಂದ ಕಾಲು ಲೋಟ ಬಿಸಿನೀರು ಹೆಚ್ಚಿಗೆ ಬೇಕು. ಇಡ್ಲಿ, ದೋಸೆ ಇದರಲ್ಲಿ ಬೆವರಿ ಮುದ್ದೆಯಾದವು.

ಅಳತೆಗೆ ಜಪಾನೀಯರ ಒಂದು ಲೆಕ್ಕ ನಮಗೂ ಹೊಂದುತ್ತದೆ: ಅನ್ನ ಮೂರು ಪಾಲು, ತರಕಾರಿ ಎರಡು, ಮೊಟ್ಟೆ, ಮೀನು, ಕಾಳಿನಂಥದ್ದು ಒಂದು. ಹೀಗೆ ಒತ್ತಾಗಿ ತುಂಬಿದ 500 ಮಿ.ಲೀ. ಡಬ್ಬಿಯಲ್ಲಿ ಸುಮಾರು 500 ಕ್ಯಾಲೊರಿ. ಸಡಿಲ ಬಿಟ್ಟರೆ ಎಲ್ಲ ಒಂದು ಮೂಲೆಗೆ ಜಾರಿ ಕಲಸುಮೇಲೋಗರ ಆಗುತ್ತದೆ.

ಊಟಕ್ಕೆ ನಮ್ಮ ಆಯ್ಕೆ ಪುಟ್ಟ ಡಬ್ಬಿ ಸಹಿತ ಸ್ಟೀಲ್. ಬೆಂಟೋವನ್ನು ಹತ್ತೂವರೆಯ ಶಾರ್ಟ್ ಬ್ರೇಕಿಗೆ ಇಡಿ: ಉಪ್ಪುನೀರಿನಲ್ಲಿ ಐದು ನಿಮಿಷ ಅದ್ದಿದ ಸೇಬಿನ ಹೋಳು ಕಪ್ಪಾಗುವುದಿಲ್ಲ, ಸೀಬೆ, ಬೇಯಿಸಿದ ಜೋಳ, ಹುರಿದ ಮಖಾನಾ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಇಡಿಯಾಗಿ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ; ಉದ್ದಕ್ಕೆ ನಾಲ್ಕು ಸೀಳು ಮಾಡಿ.